ಅಕ್ಕ ಬಿಟ್ಟದ್ದು, ಅಕ್ಕ ಹಿಡಿದದ್ದು

ಕಾಲೇಜಿಗೆಂದು ಆನವಟ್ಟಿಯಿಂದ ಶಿಕಾರಿಪುರದ ಅಕ್ಕನ ಮನೆಗೆ ಬಂದು ಸೇರಿದ ಮೊದಲ ವಾರವೇ ಒಂದು ವಿಷಯ ಕಲಿತೆ. ಸೋಮವಾರ ಅಕ್ಕನಿಗೆ ತಟ್ಟೆ ಇಡಬಾರದು. ಗುರುವಾರವೂ ಇಡಬಾರದು ಎಂದು ಆ ಗುರುವಾರ ಗೊತ್ತಾಯಿತು. ಆಮೇಲೆ ಶುಕ್ರವಾರ, ಅಮಾವಾಸ್ಯೆ, ಹುಣ್ಣಿಮೆ, ಸಂಕಷ್ಟಿ ಎಲ್ಲ ಒಂದೊಂದಾಗಿ ಗೊತ್ತಾಗುತ್ತಾ ಹೋದವು. ಕೊನೆಗೆ ತಟ್ಟೆ ಇಡುವ ದಿನ ಯಾವುದು ಎಂದು ಕೇಳಿಕೊಳ್ಳುವುದೇ ಸುಲಭ ಎನ್ನಿಸಿತು.

ಅಕ್ಕನನ್ನು ಕೊಟ್ಟಿದ್ದು ಪೇಟೆಯ ಬಟ್ಟೆ ಅಂಗಡಿಯವರ ಮನೆಗೆ. ದೇವರು ದಿಂಡರು ಎಂದರೆ ಆ ಮನೆಯಲ್ಲಿ ಬಹಳ. ಮದುವೆಯಾಗಿ ಕೆಲವು ವರ್ಷವಾದರೂ ಮಕ್ಕಳಾಗಿರಲಿಲ್ಲ. ಹಾಗಾಗಿ ಅವಳ ಉಪವಾಸ ಯಾತಕ್ಕೆ ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರೂ ತಾವೇ ಅರ್ಥ ಮಾಡಿಕೊಂಡಿದ್ದರು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ಮುಂದೆ ಅವಳ ಅತ್ತೆ ಎದೆಯುಬ್ಬಿಸಿ ಹೇಳುತ್ತಿದ್ದರು.

"ನಮ್ಮ ಸೊಸೆ ನೋಡ್ರಿ, ಸೋಮಾರ ನೀರು ಬಿಟ್ರೆ ಏನೂ ಮುಟ್ಟಲ್ಲ."

"ನಮ್ಮನೇಲೂ ಐತಲ್ರಿ ಒಂದು," ಎನ್ನುತ್ತಿದ್ದರು ಎದುರು ಮನೆಯವರು. "ಉಪಾಸ ಅಂತ ಹೇಳಿ ಸಾಬೂದಾನಿ ಕಿಚಡಿ ಎರಡು ತಟ್ಟೆ ಹೊಡಿತೈತಿ."

ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದರೆ ಅವಳ ಬಳೆಗಳು ಮೊಣಕೈವರೆಗೆ ಜಾರಿ, ಕೈ ಇಳಿಸಿದರೆ ಅಂಗೈ ದಾಟಿ ಬೀಳುವಂತಾಗುತ್ತಿದ್ದವು. ಬೀಳದಂತೆ ಅವುಗಳಿಗೆ ದಾರ ಸುತ್ತಿ ಬಿಗಿ ಮಾಡಿಕೊಂಡಿದ್ದಳು. ಊರಲ್ಲಿದ್ದಾಗ ಅಮ್ಮ ಅವಳನ್ನು "ಗುಂಡಮ್ಮ" ಎಂದು ಕರೆಯುತ್ತಿದ್ದಳು ಎಂದರೆ ಈಗ ಯಾರೂ ನಂಬುವುದಿಲ್ಲ.

ನನಗೆ ಆಗ ಒಂದು ಹುಚ್ಚಿತ್ತು. ಗ್ರಂಥಾಲಯದಲ್ಲಿ ಕೂತು ವಾರಪತ್ರಿಕೆಗಳ ಆರೋಗ್ಯದ ಪುಟಗಳನ್ನೆಲ್ಲ ಓದುವುದು. ಡಾಕ್ಟರು ಓದುಗರಿಗೆ ಕೊಡುವ ಉತ್ತರಗಳು ಬಾಯಿಪಾಠವಾಗಿದ್ದವು. ಮೊಡವೆ, ಮುಟ್ಟಿನ ನೋವು, ತಲೆಗೂದಲು ಉದುರುವುದು ಎಲ್ಲಕ್ಕೂ ಕಾಲೇಜಿನ ಹುಡುಗಿಯರು ನನ್ನ ಹತ್ತಿರವೇ ಬರುತ್ತಿದ್ದರು. ಅದೇ ಪುಟಗಳಲ್ಲಿ ಒಂದು ಸಲ, ಮನೆಯಲ್ಲಿ ಎಲ್ಲ ಇದ್ದೂ ಉಣ್ಣಲಾಗದ ಹುಡುಗಿಯರ ಬಗ್ಗೆ ಓದಿದ್ದೆ. ಕನ್ನಡಿಯಲ್ಲಿ ನೋಡಿಕೊಂಡರೆ ಬರೀ ಎಲುಬಾಗಿದ್ದರೂ ಅವರಿಗೆ ದಪ್ಪವೇ ಕಾಣುತ್ತದಂತೆ. ಎಲ್ಲೋ ಪರದೇಶದ ಮಾತು ಎಂದು ಪುಟ ತಿರುಗಿಸಿದ್ದೆ.

ಒಂದು ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತು. ಮನೆಗೆ ಬಂದರೆ ಅತ್ತೆ ಮಲಗಿದ್ದರು, ಭಾವ ಅಂಗಡಿಯಲ್ಲಿದ್ದರು. ಉಗ್ರಾಣದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಕ್ಕ ನಿಂತುಕೊಂಡು ತಿನ್ನುತ್ತಿದ್ದಳು. ಬೆಳಗಿನ ತಣ್ಣನೆ ರೊಟ್ಟಿ, ಮುಷ್ಟಿಗಟ್ಟಲೆ ಶೇಂಗಾ ಚಟ್ನಿಪುಡಿ, ಡಬ್ಬಿಯಿಂದ ಸಕ್ಕರೆ, ಹಬ್ಬಕ್ಕೆ ಮಾಡಿಟ್ಟ ತಂಬಿಟ್ಟು. ಅಗಿಯುತ್ತಿರಲಿಲ್ಲ, ತುರುಕಿಕೊಳ್ಳುತ್ತಿದ್ದಳು. ನನ್ನ ಕಡೆಗೇ ಮುಖವಿತ್ತು, ಆದರೂ ಅವಳಿಗೆ ನಾನು ಕಾಣಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. ನೀರಿನ ಸದ್ದಿನಲ್ಲೂ ಆ ಸದ್ದು ಕೇಳಿಸಿತು. ತಿಂದದ್ದೆಲ್ಲ ಬೆರಳು ಹಾಕಿ ತೆಗೆಯುತ್ತಿದ್ದಳು.

ಹೊರಗೆ ಬಂದವಳು ನನ್ನನ್ನು ನೋಡಿ ಬೆಚ್ಚಿದಳು. ಮತ್ತೆ ಉಗ್ರಾಣಕ್ಕೇ ಹೋದಳು. ಅಕ್ಕಿ ಡಬ್ಬಿಯೊಳಗೆ ಕೈ ಹಾಕಿ ಕೆಮ್ಮಿನ ಸಿರಪ್ಪಿನ ಬಾಟಲಿ ತೆಗೆದು, ಮುಚ್ಚಳಕ್ಕೂ ಹಾಕಿಕೊಳ್ಳದೆ ಹಾಗೇ ಬಾಯಿಗೆ ಸುರಿದುಕೊಂಡಳು.

"ಎಂತಕ್ಕೆ ಅಕ್ಕ ಅದು? ನಿಂಗೆ ಕೆಮ್ಮು ಎಲ್ಲುಂಟು?"

"ಇಷ್ಟು ಕುಡಿದ್ರೆ ಎಲ್ಲಿರ್ತದೆ ಮಾರಾಯ್ತಿ ಕೆಮ್ಮು?" ಎಂದು ನಕ್ಕಳು. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಮೆತ್ತಗಾಯಿತು. ಗೋಡೆಗೊರಗಿ ಕೂತು ನನ್ನ ಕೈ ಹಿಡಿದುಕೊಂಡಳು. "ಹೊಟ್ಟೆ ಸುಮ್ನಾಗ್ತದೆ ಕಣೆ. ತಲೆನೂ ಸುಮ್ನಾಗ್ತದೆ. ಇಲ್ದಿದ್ರೆ ದಿನಪೂರ್ತಿ ಊಟದ್ದೇ ಲೆಕ್ಕ ಹಾಕ್ತಾ ಇರ್ತದೆ. ಅತ್ತೆಗೆ ಹೇಳ್ಬೇಡ."

ಅತ್ತೆಗೆ ನಾನು ಹೇಳಬೇಕಾಗಿ ಬರಲಿಲ್ಲ. ಅದೇ ತಿಂಗಳು ಅತ್ತೆಗೆ ಬೇರೆ ಸಂಶಯ ಬಂದಿತ್ತು. ಸೊಸೆ ಬಹಳ ದಿನದಿಂದ ಹೊರಗೆ ಕೂತಿಲ್ಲ, ವಾಂತಿಯ ಸದ್ದು ಬೇರೆ ಕೇಳುತ್ತಿದೆ. ಎದುರು ಮನೆಗೆ ಪೇಡೆ ಹೋಯಿತು, ಪಕ್ಕದ ಮನೆಗೆ ಹೋಯಿತು, ಆನವಟ್ಟಿಗೂ ಸುದ್ದಿ ಹೋಗಿ ಅಮ್ಮ ಹುಣಸೆಹಣ್ಣು, ಉಪ್ಪಿನಕಾಯಿ ಕಟ್ಟಿಕೊಂಡು ಬಸ್ ಹತ್ತಿ ಬಂದಳು. ಡಾಕ್ಟರಮ್ಮ ನೋಡಿ, "ಏನಿಲ್ರೀ, ರಕ್ತಾನೇ ಇಲ್ಲ ಮೈಯಾಗೆ, ಮುಟ್ಟು ಎಲ್ಲಿಂದ ಬರ್ಬೇಕು? ಚೆನ್ನಾಗಿ ಉಣ್ಸಿ," ಎಂದು ಟಾನಿಕ್ ಬರೆದುಕೊಟ್ಟರು. ಪೇಡೆ ತಿಂದವರ ಮುಂದೆ ಅತ್ತೆ ಆ ವಾರ ಮುಖ ತೋರಿಸಲಿಲ್ಲ. ಅಕ್ಕ ಆ ವಾರ ಒಂದು ತುತ್ತೂ ತಿನ್ನಲಿಲ್ಲ. ಆದರೆ ಅಕ್ಕಿ ಡಬ್ಬಿ ಸಾಲದೆ ಹಾಸಿಗೆ ಕೆಳಗೂ ಬಾಟಲಿಗಳು ಬಂದವು. ಅವಳು ಹಾಲಿಟ್ಟು ಒಲೆ ಮುಂದೆಯೇ ಮಂಪರು ಬಂದು ಬಿದ್ದ ದಿನ ಭಾವ ಅವನ್ನೆಲ್ಲ ಹುಡುಕಿ ತೆಗೆದರು. ಖಾಲಿ ಬಾಟಲಿಗಳನ್ನು ಹೊರಗೆ ಹಾಕಿದರೆ ಯಾರಾದರೂ ನೋಡಿಯಾರು ಎಂದು ಅವಳು ತೊಳೆದು ಜೋಡಿಸಿಟ್ಟಿದ್ದಳು.

"ಔಷಧಿ ಕುಡಿಯೋ ಹೆಂಗ್ಸನ್ನ ತಂದಿದೀವಲ್ಲೋ ಮನಿಗೆ," ಎಂದು ಅತ್ತೆ ಹಣೆ ಬಡಿದುಕೊಂಡರು. ಉಪವಾಸದ ಬಗ್ಗೆ ಆ ಹೊತ್ತಿನಲ್ಲೂ ಅವರಿಗೆ ಹೆಮ್ಮೆಯೇ ಇತ್ತು. "ಅಂಥಾ ನೇಮಸ್ತೆ, ಇಂಥಾ ಚಟ ಯಾರು ಹಚ್ಚಿದ್ರೋ!"

ನಾನು ಭಾವನ ಹಿಂದೆ ಬಿದ್ದೆ. ಎರಡೂ ಒಂದೇ ರೋಗ ಭಾವ, ಉಣ್ಣದೆ ಇರುವುದಕ್ಕೆ ಅವಳು ಅದನ್ನು ಕುಡಿಯುತ್ತಾಳೆ ಎಂದೆ. ಭಾವ ಒಳ್ಳೆಯವರು. ಗಿರಾಕಿಗೆ ಬಟ್ಟೆ ಹರಿಯುವಾಗ ಒಂದು ಗೇಣು ಜಾಸ್ತಿಯೇ ಹರಿಯುವಂಥವರು. ನನ್ನ ಮಾತನ್ನು ಪೂರ್ತಿ ಕೇಳಿ, "ನೀ ಓದಿದಾಕಿ, ಇರ್ಬಹುದು," ಎಂದರು. ಆಮೇಲೆ, "ಮೊದ್ಲು ಆ ಬಾಟ್ಲಿ ಬಿಡ್ಸಾಣ. ಊಟ ಏನು, ತಾನಾಗೇ ಮಾಡ್ತಾಳ," ಎಂದರು.

ಆಗ ಊರಿನ ಕಲ್ಯಾಣ ಮಂಟಪದಲ್ಲಿ ಕುಡಿತ ಬಿಡಿಸುವ ಶಿಬಿರ ನಡೆಯುತ್ತಿತ್ತು. ಅಕ್ಕನಿಗೆ ಸೆರಗು ಹೊದಿಸಿ, ನಾನು ಮತ್ತು ಭಾವ ಅಲ್ಲಿಗೆ ಕರೆದುಕೊಂಡು ಹೋದೆವು. ಒಳಗೆ ಎಲ್ಲರೂ ಗಂಡಸರು. ಸಾರಾಯಿ ಕುಡಿದು ಕುಡಿದು ಮುಖ ಊದಿದವರು ಚಾಪೆ ಮೇಲೆ ಸಾಲಾಗಿ ಕೂತು ಭಜನೆ ಹೇಳುತ್ತಿದ್ದರು. ಬಾಗಿಲಲ್ಲಿದ್ದ ಸ್ವಯಂಸೇವಕರೊಬ್ಬರು ಅಕ್ಕನನ್ನು ಗೌರವದಿಂದ ಕುರ್ಚಿಯಲ್ಲಿ ಕೂರಿಸಿ, ಭಾವನ ತೋಳು ಹಿಡಿದರು.

"ಬರ್ರಿ ಯಜಮಾನ್ರೆ. ನಾಚ್ಕೊಬ್ಯಾಡ್ರಿ. ಎಷ್ಟು ವರ್ಷದಿಂದ ಕುಡಿತೀರಿ?"

"ನಾನಲ್ರಿ..." ಎಂದರು ಭಾವ.

"ಎಲ್ಲಾರೂ ಮೊದ್ಲು ಹಂಗೇ ಅಂತಾರ್ರಿ," ಎಂದು ಅವರು ನಕ್ಕರು. ಚಾಪೆಯ ಮೇಲಿದ್ದವರೂ ನಕ್ಕರು. "ಬಾರಣ್ಣ, ಜಾಗ ಐತಿ!" ಎಂದು ಯಾರೋ ಕೂಗಿದರು.

ಭಾವನ ಕಿವಿ ಕೆಂಪಾಯಿತು. ನಾನೇ ಮುಂದೆ ಹೋಗಿ, ತೊಂದರೆ ಇರುವುದು ಅಕ್ಕನಿಗೆ, ಕುಡಿಯುವುದು ಕೆಮ್ಮಿನ ಔಷಧಿ, ಅದರ ಜೊತೆ ಊಟವೂ ಮಾಡುವುದಿಲ್ಲ ಎಂದು ಪಿಸುಗುಟ್ಟಿದೆ. ಅವರ ನಗು ನಿಂತಿತು. "ಹೆಣ್ಮಕ್ಕಳಿಗೆ ಇಲ್ಲಿ ವ್ಯವಸ್ಥೆ ಇಲ್ಲವ್ವ," ಎಂದರು. ಅವರಿಗೂ ಪಾಪ ಎನ್ನಿಸಿರಬೇಕು, ಬಾಗಿಲವರೆಗೆ ಬಂದು ಒಂದು ಮಠದ ದಾರಿ ಹೇಳಿ ಕಳಿಸಿದರು.

ಆ ಮಠ ಶಿರಾಳಕೊಪ್ಪ ದಾಟಿ ತಾಳಗುಂದದ ಕಡೆಗೆ, ಮೆಕ್ಕೆಜೋಳದ ಹೊಲಗಳ ನಡುವೆ ಇತ್ತು. ಸಣ್ಣ ಮಠ. ಅಲ್ಲಿಗೆ ಹೋದ ದಿನ ಅತ್ತೆಯೂ ನಮ್ಮ ಜೊತೆ ಬಂದಿದ್ದರು. ಸುತ್ತಿನ ಹಳ್ಳಿಗಳಲ್ಲಿ ಕುಡಿಯುವವರನ್ನು ಅಲ್ಲಿಗೇ ಕರೆತರುತ್ತಿದ್ದರು. ಅಲ್ಲಿನ ಪದ್ಧತಿ ಹೀಗೆ: ಗದ್ದುಗೆ ಮುಟ್ಟಿ ಒಂದನ್ನು ಬಿಡಬೇಕು, ಅದೇ ಉಸಿರಿನಲ್ಲಿ ಒಂದನ್ನು ಹಿಡಿಯಬೇಕು. ಬರೀ ಬಿಡುತ್ತೇನೆ ಎಂದರೆ ಸ್ವಾಮಿಗಳು ಒಪ್ಪುತ್ತಿರಲಿಲ್ಲ. ಖಾಲಿಯಾದ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ ಎನ್ನುತ್ತಿದ್ದರು. ಲಾರಿ ಓಡಿಸುವವರು, ಗಾಡಿ ಹೊಡೆಯುವವರು ಸಾರಾಯಿ ಬಿಟ್ಟು ಸೋಮವಾರದ ಒಪ್ಪತ್ತು ಹಿಡಿಯುತ್ತಿದ್ದರು. ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಊಟ. ವಾರಕ್ಕೊಂದು ದಿನ ಹೊಟ್ಟೆಯನ್ನು ಹಿಡಿತದಲ್ಲಿಟ್ಟವನಿಗೆ ಉಳಿದ ದಿನ ಬಾಯಿಯೂ ಹಿಡಿತಕ್ಕೆ ಬರುತ್ತಿತ್ತು. ಹಾಗೆ ಎಷ್ಟೋ ಮನೆಗಳು ಉಳಿದಿದ್ದವು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಸ್ವಾಮಿಗಳು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅಕ್ಕನನ್ನು ಬೈಯಲಿಲ್ಲ.

"ಔಷಧಿ ಬಿಡ್ತೀಯೇನವ್ವ?"

"ಬಿಡ್ತೀನಿ ಬುದ್ಧಿ."

"ಏನು ಹಿಡಿತೀ?"

ಅಕ್ಕ ಒಂದು ಗಳಿಗೆಯೂ ಯೋಚಿಸಲಿಲ್ಲ. "ದಿನಾ ಒಪ್ಪತ್ತು ಹಿಡಿತೀನಿ ಬುದ್ಧಿ."

ಅಂಗಳದಲ್ಲಿ ಕೂತಿದ್ದ ಹೆಂಗಸರೆಲ್ಲ ಒಮ್ಮೆಗೇ "ಅಯ್ ಶಿವನೇ" ಎಂದು ಕೈ ಮುಗಿದರು. ಸ್ವಾಮಿಗಳು, "ದಿನಾ ಬ್ಯಾಡ ತಾಯಿ, ಸೋಮಾರ ಸಾಕು," ಎಂದರು. ಅಕ್ಕ ಗದ್ದುಗೆಯಿಂದ ಕೈ ತೆಗೆಯಲಿಲ್ಲ. "ಆಗ್ಲೇ ಅಂದುಬಿಟ್ಟೆ ಬುದ್ಧಿ." ಅಂದ ಮೇಲೆ ಅಂದಂತೆಯೇ. ವಿಭೂತಿ ಹಚ್ಚಿದರು. ಅವಳ ಮುಖ ನೋಡಬೇಕಿತ್ತು ನೀವು. ಹುಡುಕುತ್ತಿದ್ದ ವಸ್ತು ಸಿಕ್ಕವರ ಮುಖ ಹಾಗಿರುತ್ತದೆ. ನಾನು ಅತ್ತೆಯ ಸೆರಗು ಜಗ್ಗಿ, "ಬೇಡ ಅನ್ನಿ, ಬೇಡ ಅನ್ನಿ," ಎಂದೆ. ಅತ್ತೆ ಕಣ್ಣೊರೆಸಿಕೊಳ್ಳುತ್ತಾ, "ಸುಮ್ನಿರು, ಒಳ್ಳೇ ಹೊತ್ತಿನಾಗೆ," ಎಂದರು.

ಅವಳು ಮಾತು ಉಳಿಸಿಕೊಂಡಳು. ಅದೇ ಕಷ್ಟವಾಯಿತು ನೋಡಿ. ಮೊದಲ ಕೆಲವು ದಿನ ಮೈ ನಡುಗುತ್ತಿತ್ತು, ಮೂಗು ಸೋರುತ್ತಿತ್ತು, ಭೇದಿ ನಿಲ್ಲುತ್ತಿರಲಿಲ್ಲ, ಕಾಲು ಸೆಳೆಯುತ್ತದೆ ಎಂದು ಒದ್ದಾಡುತ್ತಿದ್ದಳು. ನಾನು ಕಾಲೇಜು ಬಿಟ್ಟು ಕಾಲೊತ್ತುತ್ತಾ ಕೂತೆ. ಹಲ್ಲು ಕಚ್ಚಿ ತಡೆದುಕೊಂಡಳೇ ಹೊರತು ಒಂದು ಹನಿ ಮುಟ್ಟಲಿಲ್ಲ. ಮೆಡಿಕಲ್ ಅಂಗಡಿಯವನೇ ಎದುರಿಗೆ ಸಿಕ್ಕಿ, "ಯಾಕಕ್ಕಾರೆ, ಈ ಕಡಿ ಬರ್ಲೇ ಇಲ್ಲ?" ಎಂದರೂ ತಲೆ ತಗ್ಗಿಸಿ ದಾಟಿ ಬಂದಳು. ಮನೆಯವರಿಗೆ ದೊಡ್ಡ ಭಾರ ಇಳಿದಂತಾಯಿತು.

ಆದರೆ ಒಪ್ಪತ್ತಿನ ಆ ಒಂದು ಊಟ ದಿನದಿನಕ್ಕೆ ಚಿಕ್ಕದಾಗುತ್ತಾ ಹೋಯಿತು. ಮೊದಲು ಒಂದು ರೊಟ್ಟಿ. ಆಮೇಲೆ ಹಾಲು ಅವಲಕ್ಕಿ. ಆಮೇಲೆ ಬರೀ ಮಜ್ಜಿಗೆ. ಮೊದಲಾದರೆ, "ಅಕ್ಕ, ಇವತ್ತು ಮಂಗಳವಾರ, ಉಣ್ಣು," ಎಂದು ಗದರಿಸಬಹುದಿತ್ತು. ಈಗ ಬಾಯಿ ಬಿಟ್ಟರೆ ಗದ್ದುಗೆಯ ಆಣೆ ಅಡ್ಡ ಬರುತ್ತಿತ್ತು. ಹೊತ್ತು ತಪ್ಪಿದ ಮೇಲೆ ಒಂದು ಬಾಳೆಹಣ್ಣು ಕೊಟ್ಟರೂ ಅತ್ತೆಯೇ ನನ್ನ ಕೈ ತಡೆಯುತ್ತಿದ್ದರು. "ಅಕಿ ನೇಮ ಮುರಿಬ್ಯಾಡ. ನೇಮ ಮುರದ್ರ ಮತ್ತ ಬಾಟ್ಲಿ ಹಿಡಿತಾಳ." ಅವರೂ ಹೆದರಿದ್ದರು. ಹೆದರಿಯೇ ಅವಳನ್ನು ಉಪವಾಸ ಕೆಡವುತ್ತಿದ್ದರು.

ಒಂದು ಬೆಳಗ್ಗೆ ನಲ್ಲಿಯ ಹತ್ತಿರ ಕೊಡ ಎತ್ತಲು ಹೋಗಿ ಬಿದ್ದಳು. ಗ್ಲೂಕೋಸ್ ಏರಿಸಿದರು, ಎದ್ದು ಬಂದಳು. ಮತ್ತೆ ಬಿದ್ದಳು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಮನಸ್ಸಿನ ಡಾಕ್ಟರು ಸಿರಪ್ಪಿನ ಕಥೆ ಕೇಳಿ, "ಅದನ್ನ ಬಿಟ್ಟಾಗಿದೆಯಲ್ಲ, ಒಳ್ಳೇದಾಯ್ತು. ಊಟದ್ದು ಹೊಟ್ಟೆ ಡಾಕ್ಟರಿಗೆ ತೋರಿಸಿ," ಎಂದರು. ಹೊಟ್ಟೆ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಹೊಟ್ಟೇಲಿ ಏನೂ ಇಲ್ಲ. ಇದು ಮನಸ್ಸಿಂದು, ಅವರಿಗೇ ತೋರಿಸಿ," ಎಂದರು. ಎರಡು ಕೋಣೆಗಳ ನಡುವಿನ ಬೆಂಚಿನಲ್ಲಿ ಅಕ್ಕ ನನ್ನ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದಳು. ತಲೆ ಎಷ್ಟು ಹಗುರವಿತ್ತು ಎಂದರೆ, ನಿದ್ದೆ ಬಂದಿದೆಯೋ ಇಲ್ಲವೋ ಎಂದು ಪದೇ ಪದೇ ಬಗ್ಗಿ ನೋಡುತ್ತಿದ್ದೆ. ನಾನು ನಂಬಿದ್ದ ವಾರಪತ್ರಿಕೆಯ ಡಾಕ್ಟರಿಗೂ ಬರೆದೆ. ಎಲ್ಲವನ್ನೂ ಬರೆದೆ. ಉತ್ತರ ಅಚ್ಚಾಗಿ ಬಂತು: ಸಮೀಪದ ತಜ್ಞ ವೈದ್ಯರನ್ನು ಕಾಣಿ.

ಉಳಿದದ್ದು ಮಠ. ಕಟ್ಟಿದವರೇ ಬಿಚ್ಚಲಿ ಎಂದು ಭಾವನನ್ನು ಹೊರಡಿಸಿದೆ. ಸ್ವಾಮಿಗಳು ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. "ಅವತ್ತೇ ನನಗ ಸರಿ ಕಾಣ್ಲಿಲ್ಲ. ಕರ್ಕೊಂಬಾರಪ್ಪ ಅಕಿನ್ನ. ನನ್ನೆದುರಿಗೇ ಉಣ್ಲಿ," ಎಂದರು.

ಮುಂದಿನ ವಾರ ಅಕ್ಕನನ್ನು ಕರೆದುಕೊಂಡು ಹೋದೆವು, ಅತ್ತೆಯೂ ಬಂದರು. ಸ್ವಾಮಿಗಳು ಅವಳ ತಲೆ ಮೇಲೆ ಕೈಯಿಟ್ಟು, "ನಿನ್ನ ಒಪ್ಪತ್ತು ನಾನು ಇಳಿಸಿಕೊಂಡೆ ತಾಯಿ. ಇನ್ನ ನೀ ಮೂರು ಹೊತ್ತೂ ಉಣ್ಣಬೇಕು," ಎಂದರು. ಗೋಧಿ ಹುಗ್ಗಿ ಬಡಿಸಿದರು. ಅಕ್ಕ ಉಂಡಳು. ಮತ್ತೆ ಹಾಕಿದರು, ಅದನ್ನೂ ಉಂಡಳು. ನಾನು ಉಣ್ಣುವುದು ಮರೆತು ಅವಳ ಬಾಯನ್ನೇ ನೋಡುತ್ತಿದ್ದೆ. ಅತ್ತೆ ತುಪ್ಪ ಹಾಕಿದರು. ನನಗೆ ನಿಜವಾಗಿಯೂ ಮುಗಿಯಿತು ಎನ್ನಿಸಿತು, ಕಷ್ಟ ಮುಗಿಯಿತು.

ಕೈತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಮಠದ ಹಿಂದೆ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಮೊಣಕಾಲೂರಿ ಕೂತಿದ್ದಳು. ಬಾಯಿ ಒರೆಸಿಕೊಂಡು, "ಪ್ರಸಾದ ಕಣೆ, ಪಾಪ ಬಂತು," ಎಂದು ಅತ್ತಳು. ಬೇಕೆಂದು ಮಾಡಿದವಳ ಅಳುವಲ್ಲ ಅದು.

ಕೆಲವೇ ದಿನಕ್ಕೆ ದೇವರ ಕೋಣೆಯ ಗೂಡಿನಲ್ಲಿ, ಎಣ್ಣೆ ಬಾಟಲಿಯ ಹಿಂದೆ ಸಿರಪ್ ಕಂಡಿತು. ನಾನು ಅದನ್ನು ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತೆ.

"ಎರಡನ್ನೂ ಒಂದೇ ಉಸಿರಲ್ಲಿ ಕಟ್ಟಿದ್ದೆ ನಾನು," ಎಂದಳು ಅಕ್ಕ. ಸಿಟ್ಟಿರಲಿಲ್ಲ. "ನೀವು ಒಂದನ್ನ ಬಿಚ್ಚಿದ್ರಿ. ಇನ್ನೊಂದನ್ನ ನಾನು ಒಬ್ಬಳೇ ಹೆಂಗೆ ಹಿಡ್ಕೊಳ್ಳಲಿ? ಉಪವಾಸ ಇದ್ರೆ ಅದು ಬೇಡ ಅಂತ ಇರಬಲ್ಲೆ. ಉಣ್ಣು ಅಂದ್ರೆ ಅದು ಬೇಕು. ನೀನು ಓದಿದೀಯಲ್ಲ, ನೀನೇ ಹೇಳು. ಯಾವುದನ್ನ ಬಿಡ್ಲಿ?"

ನಾನು ಓದಿದ್ದ ಯಾವ ಪುಟದಲ್ಲೂ ಎರಡನ್ನೂ ಒಟ್ಟಿಗೆ ಬಿಡಿಸುವವರ ವಿಳಾಸ ಇರಲಿಲ್ಲ.

ಈ ಸಲ ಅತ್ತೆ ತಡೆದುಕೊಳ್ಳಲಿಲ್ಲ. ಅಕ್ಕನನ್ನು ಆನವಟ್ಟಿಗೆ ಕಳಿಸಿದರು, ಕಾಲೇಜು ಮುಗಿಯಲಿ ಎಂದು ನನ್ನನ್ನು ಇಟ್ಟುಕೊಂಡರು. ಅಮ್ಮ ಪಕ್ಕದಲ್ಲಿ ಕೂತು ತುತ್ತು ಮಾಡಿ ತಿನ್ನಿಸಿದಳು, ಬೈದಳು, ಅತ್ತಳು. ಬಚ್ಚಲ ಬಾಗಿಲಿನ ಚಿಲಕ ತೆಗೆಸಿದಳು. ಅಪ್ಪ ಪೇಟೆಯ ಮೆಡಿಕಲ್ ಅಂಗಡಿಗೆಲ್ಲ ಹೋಗಿ ಇವಳಿಗೆ ಏನೂ ಕೊಡಬೇಡಿ ಎಂದು ಕೈಮುಗಿದು ಬಂದರು. ಅವಳು ಸೊರಬದ ಬಸ್ ಹತ್ತಿ ಹೋಗಿ ತಂದಳು. ಭಾನುವಾರ ನಾನು ಹೋದಾಗಲೆಲ್ಲ ಮನೆಯಲ್ಲಿ ಮೂವರೂ ಬೇರೆ ಬೇರೆ ಮೂಲೆಯಲ್ಲಿ ಕೂತಿರುತ್ತಿದ್ದರು.

ಕೊನೆಗೆ, ಕಾಲೇಜಿಗೆ ರಜೆ ಬಿಟ್ಟು ನಾನು ಊರಲ್ಲಿದ್ದಾಗ, ಅಕ್ಕನೇ ದಾರಿ ಹೇಳಿದಳು. ಮತ್ತೆ ಗದ್ದುಗೆ ಮುಟ್ಟುತ್ತೇನೆ, ಅದನ್ನು ಬಿಡುತ್ತೇನೆ, ಒಪ್ಪತ್ತು ಹಿಡಿಯುತ್ತೇನೆ, ನನ್ನ ಮನೆಗೆ ಕಳಿಸಿ ಎಂದಳು. ಸ್ವಾಮಿಗಳು ಒಪ್ಪಲಿಲ್ಲ. ಅವಳು ಆನವಟ್ಟಿಯ ಮನೆಯ ದೇವರ ಮುಂದೆ ತಾನೇ ಹೇಳಿಕೊಂಡಳು. ಭಾವ ಬಂದು ಒಪ್ಪಿಕೊಂಡರು. ಅತ್ತೆಯೂ ಒಪ್ಪಿದ್ದಾರೆ ಎಂದರು. ಔಷಧಿ ಕುಡಿಯುವ ಸೊಸೆಗೆ ಆ ಮನೆಯಲ್ಲಿ ಜಾಗವಿರಲಿಲ್ಲ, ಉಪವಾಸ ಮಾಡುವ ಸೊಸೆಗೆ ಇತ್ತು.

"ಸಾಯ್ತಾಳೆ ಭಾವ," ಎಂದೆ ನಾನು.

"ಹಂಗನ್ಬ್ಯಾಡ," ಎಂದರು ಭಾವ. "ಮತ್ತೇನು ಮಾಡ್ಲಿ ಹೇಳು. ನೀ ಹೇಳಿದಂಗ ಮಾಡ್ತೀನಿ." ಅವರು ನಿಜವಾಗಿಯೂ ಕಾಯುತ್ತಾ ನಿಂತರು. ನಾನು ಅಕ್ಕನ ಸೀರೆ ಮಡಚಿ ಚೀಲಕ್ಕೆ ಹಾಕತೊಡಗಿದೆ.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ನಾನೂ ಹೋದೆ. ಅಮ್ಮ ದಾರಿಗೆಂದು ರೊಟ್ಟಿ, ಎಣ್ಣೆಗಾಯಿ, ಮೊಸರನ್ನ ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟಿದ್ದಳು. ಭಾವ ಸೀಟು ಹಿಡಿಯಲು ಮೊದಲೇ ಹತ್ತಿದರು. ಅಕ್ಕ ಹತ್ತಿ ಕಿಟಕಿ ಪಕ್ಕ ಕೂತು, ಆ ಬುತ್ತಿಯನ್ನು ಕಿಟಕಿಯಿಂದಲೇ ನನಗೆ ಚಾಚಿದಳು.

"ನೀನು ತಿನ್ನು. ನಂಗೆ ಸೋಮವಾರ."

"ಇವತ್ತು ಬುಧವಾರ ಕಣೆ ಅಕ್ಕ."

"ಹೌದಾ?" ಎಂದು ನಕ್ಕಳು. "ನಂಗೆ ದಿನಾ ಸೋಮವಾರಾನೇ ಮಾರಾಯ್ತಿ."

ನಾನು ಬುತ್ತಿಯನ್ನು ಅವಳ ಕಡೆಗೇ ತಳ್ಳಿದೆ. ಅವಳು ನನ್ನ ಕಡೆಗೆ ತಳ್ಳಿದಳು. ಅವಳ ಕೈಯಲ್ಲಿ ಅಷ್ಟೂ ಬಲವಿರಲಿಲ್ಲ, ಜೋರಾಗಿ ತಳ್ಳಿದರೆ ಮುರಿದೇ ಹೋದೀತು ಎಂದು ನಾನೇ ಬಿಟ್ಟೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಶಿರಾಳಕೊಪ್ಪದ ರಸ್ತೆ ಹಿಡಿದು ತಿರುಗುವವರೆಗೂ ಅಕ್ಕ ಕೈ ಬೀಸುತ್ತಿದ್ದಳು. ದಾರ ಸುತ್ತಿದ ಬಳೆಗಳು ಮೇಲೆ ಕೆಳಗೆ ಜಾರುತ್ತಿದ್ದವು. ನಾನು ಬುತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಎಲೆಯೊಳಗೆ ರೊಟ್ಟಿ ಇನ್ನೂ ಬಿಸಿ ಇತ್ತು.